ಹಳೆಯ ಗಾಡಿ ಹುಡುಕಿದ ನಾಲ್ಕು ತಿಂಗಳು

ನಮ್ಮ ಮನೆಯವರಿಗೆ ಲಕ್ವಾ ಹೊಡೆದ ಮೇಲೆ ಅವರ ಬಾಯಲ್ಲಿ ಉಳಿದದ್ದು ಒಂದೇ ಮಾತು, "ಆತು". ನೀರು ಬೇಕಾದರೂ ಆತು, ಬೇಡವಾದರೂ ಆತು. ಕಾಲು ನೋಯುತ್ತಿದೆಯೇ ಎಂದು ಕೇಳಿದರೂ ಅದೇ, ಫ್ಯಾನು ಹಾಕಲೇ ಎಂದರೂ ಅದೇ. ಹೇಳುವ ರಾಗದಲ್ಲಿ ಮಾತ್ರ ಸಣ್ಣ ವ್ಯತ್ಯಾಸವಿರುತ್ತಿತ್ತು. ಅದನ್ನು ಹಿಡಿಯುವಷ್ಟು ತಾಳ್ಮೆ ನನಗೆ ಬೆಳಿಗ್ಗೆ ಇರುತ್ತಿತ್ತು, ಸಂಜೆ ಕಾಲೇಜಿನಿಂದ ಬರುವ ಹೊತ್ತಿಗೆ ಇರುತ್ತಿರಲಿಲ್ಲ. "ಅವರಿಗೆ ಎಲ್ಲಾ ತಿಳೀತೈತ್ರಿ, ಹೊರಗ ಬರವಲ್ದು ಅಷ್ಟ" ಎಂದು ಡಾಕ್ಟರು ಮೊದಲ ವಾರದಲ್ಲೇ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ನಂಬಿದ್ದೇನೆ ಎಂದೇ ಅಂದುಕೊಂಡಿದ್ದೆ.

ನಾನು ಖಾನಾಪುರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಹತ್ತೊಂಬತ್ತು ವರ್ಷದಿಂದ ಬೆಳಗಾವಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ. ಮನೆ ರಾಮತೀರ್ಥ ನಗರದಲ್ಲಿ. ಇವರು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೂವತ್ತು ವರ್ಷ ಇದ್ದವರು. ಅಚ್ಚಿನಿಂದ ತೆಗೆದು ತಣ್ಣಗಾದ ಎರಕದ ತುಂಡುಗಳನ್ನು ನೋಡಿ ಪಾಸು ಮಾಡುವುದು ಅಥವಾ ತಿರುಗಿ ಕುಲುಮೆಗೆ ಕಳಿಸುವುದು ಇವರ ಕೆಲಸ. ಕೈಯಲ್ಲಿ ಒಂದು ಸಣ್ಣ ಸುತ್ತಿಗೆ ಇರುತ್ತಿತ್ತು. ಯಂತ್ರಗಳು ಬಂದ ಮೇಲೂ ಇವರು ಸುತ್ತಿಗೆ ಬಿಡಲಿಲ್ಲವೆಂದು ಜೊತೆಯವರು ನಗುತ್ತಿದ್ದರು.

ಬಲಭಾಗ ಪೂರ್ತಿ ಸೋತಿತ್ತು. ಬೆಳಿಗ್ಗೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಪೂಜೆಗೆ ಕೂರಿಸುತ್ತಿದ್ದೆ. ಎಡ ಅಂಗೈಯಲ್ಲಿ ಲಿಂಗ ಹಿಡಿದುಕೊಳ್ಳುವುದು ಅವರಿಗೆ ಆಗುತ್ತಿತ್ತು. ಪತ್ರಿ ಏರಿಸುವ ಬಲಗೈ ಏಳುತ್ತಿರಲಿಲ್ಲ. ಅದನ್ನು ನಾನು ಏರಿಸುತ್ತಿದ್ದೆ. ಆಮೇಲೆ ನನ್ನ ಪೂಜೆ, ಅಡಿಗೆ, ಡಬ್ಬಿ, ಎಂಟರ ಬಸ್ಸು. ನಾನಿಲ್ಲದಾಗ ನೋಡಿಕೊಳ್ಳಲು ಒಬ್ಬ ಕೆಲಸದ ಬಾಯಿ ಬರುತ್ತಿದ್ದಳು.

ವಾರಕ್ಕೆ ಮೂರು ಸಲ ಊರ ದಂಡುಪ್ರದೇಶವಾದ ಕ್ಯಾಂಪಿಗೆ ವ್ಯಾಯಾಮ ಚಿಕಿತ್ಸೆಗೆ ಹೋಗಬೇಕಿತ್ತು. ನಮ್ಮ ಮನೆಯಲ್ಲಿ ಇದ್ದದ್ದು ಒಂದು ಸಣ್ಣ ಹಳೆಯ ಕಾರು, ನೆಲಕ್ಕೆ ಹತ್ತಿಕೊಂಡಂಥದ್ದು. ನಾನು ಐವತ್ತೊಂದನೆಯ ವಯಸ್ಸಿಗೆ, ಬೇರೆ ದಾರಿಯಿಲ್ಲದೆ, ಅದನ್ನು ನಡೆಸಲು ಕಲಿತಿದ್ದೆ. ನಡೆಸುವುದು ಕಷ್ಟವಾಗಲಿಲ್ಲ. ಇವರನ್ನು ಒಳಗೆ ಕೂರಿಸುವುದು, ಹೊರಗೆ ತೆಗೆಯುವುದೇ ಕಷ್ಟ. ತಲೆ ಬಗ್ಗಿಸಿ, ಸೊಂಟ ತಗ್ಗಿಸಿ, ಆ ಗುಂಡಿಯಂಥ ಸೀಟಿಗೆ ಇಳಿಸಿ, ಬಲಗಾಲನ್ನು ನಾನೇ ಎತ್ತಿ ಒಳಗಿಡಬೇಕು. ಒಂದು ದಿನ ಕ್ಯಾಂಪಿನಲ್ಲಿ ಇಳಿಸುವಾಗ ಕೈ ಜಾರಿ ಇವರು ರಸ್ತೆಯ ಮೇಲೇ ಕುಳಿತುಬಿಟ್ಟರು. ಆಟೋದವರಿಬ್ಬರು ಬಂದು ಎತ್ತಿದರು. ಇವರು ನನ್ನ ಮುಖ ನೋಡದೆ ಆತು, ಆತು ಎನ್ನುತ್ತಿದ್ದರು. ಅಂದು ವ್ಯಾಯಾಮ ಮಾಡಿಸುವ ಹೆಣ್ಣುಮಗಳು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು.

"ಅಕ್ಕಾರ, ಸೀಟು ಇವರ ಸೊಂಟದ ಮಟ್ಟಕ್ಕ ಇರೂ ಗಾಡಿ ನೋಡ್ರಿ. ಬಗ್ಗಿ ಇಳೀಬಾರದು, ಹತ್ತಿ ಏರಲೂಬಾರದು. ಹಂಗ ಕುಂತು ಸರದ್ರ ಸಾಕು, ಅಂಥಾದ್ದು."

ಅಂಥದ್ದು ಎಂದರೆ ಸಣ್ಣ ಎಸ್‌ಯುವಿ ಎಂದು ಆಮೇಲೆ ತಿಳಿಯಿತು. ಹೊಸದರ ಮಾತು ನಮ್ಮಲ್ಲಿ ಏಳಲೇ ಇಲ್ಲ. ಹಳೆಯದನ್ನೇ ನೋಡಬೇಕಿತ್ತು.

ಮೊದಲ ಸಲ ಒಬ್ಬಳೇ ಹೋದೆ. ಹೆದ್ದಾರಿಯ ಬದಿಗೆ ಹಳೆಯ ಗಾಡಿಗಳನ್ನು ತೊಳೆದು ಸಾಲಾಗಿ ನಿಲ್ಲಿಸುವ ಅಂಗಡಿ. ಬಿಳಿಯದೊಂದು ಗಾಡಿ ತೋರಿಸಿದರು. ಟೈರಿಗೂ ಎಣ್ಣೆಯೋ ಏನೋ ಹಚ್ಚಿ ಕರ್ರಗೆ ಹೊಳೆಯುವಂತೆ ಮಾಡಿದ್ದರು. ಮಾಲಕ ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ರಸ್ತೆಯ ಕಡೆ ನೋಡಿದ. "ಸಾಹೇಬ್ರು ಬಂದಿಲ್ಲೇನ್ರಿ?" ಎಂದ. ಅವರಿಗೆ ಬರಲಾಗುವುದಿಲ್ಲ ಎಂದೆ. ಹಾಗಾದರೆ ಒಮ್ಮೆ ಫೋನು ಹಚ್ಚಿ ಕೊಡಿ, ನಾನೇ ಮಾತಾಡುತ್ತೇನೆ ಎಂದ. ಈ ಮನುಷ್ಯ ಗಾಡಿಯ ಗುಣಗಾನ ಮಾಡುವುದು, ಆ ಕಡೆಯಿಂದ ಇವರು ಆತು, ಆತು ಎನ್ನುವುದು ಕಣ್ಣ ಮುಂದೆ ಬಂತು. ವ್ಯಾಪಾರ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ನಗು ಬರಬೇಕಿತ್ತು, ಬರಲಿಲ್ಲ. ನಾಳೆ ಬರುತ್ತೇನೆಂದು ಹೇಳಿ ಬಸ್ ನಿಲ್ದಾಣದ ದಾರಿ ಹಿಡಿದೆ.

ಮರುದಿನ ಇವರ ಸ್ನೇಹಿತನೊಬ್ಬನನ್ನು ಕರೆದುಕೊಂಡು ಹೋದೆ. ಖಾನಾಪುರ ಕಡೆಯ ಹಳ್ಳಿಯವನು, ಮನೆಮಾತು ಮರಾಠಿ. ಸೈನ್ಯದ ಗಾಡಿಗಳನ್ನು ರಿಪೇರಿ ಮಾಡುತ್ತ ಅರ್ಧ ದೇಶ ಸುತ್ತಿ, ನಿವೃತ್ತನಾಗಿ ಬಂದು, ಕ್ಯಾಂಪಿನ ಒಂದು ಗಲ್ಲಿಯಲ್ಲಿ ಹುಣಸೆಮರದ ಕೆಳಗೆ ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದ. ಇವರ ಸ್ಕೂಟರನ್ನು ಇಪ್ಪತ್ತು ವರ್ಷ ನೋಡಿಕೊಂಡವನು ಅವನೇ. ಇವರನ್ನು ಅಣ್ಣ ಎನ್ನುತ್ತಿದ್ದ, ನನ್ನನ್ನು ವೈನಿ, ಎಂದರೆ ಅತ್ತಿಗೆ.

ಅವನು ಬಾನೆಟ್ ಎತ್ತಲಿಲ್ಲ. ಮೊದಲು ಅದರ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ನಾವು ಬರುವ ಮೊದಲೇ ಎಂಜಿನ್ ಚಾಲೂ ಮಾಡಿ ಇಟ್ಟಿದ್ದಿರೇನು ಎಂದು ಮಾಲಕನನ್ನು ಮರಾಠಿಯಲ್ಲಿ ಮೆತ್ತಗೆ ಕೇಳಿದ. ಮಾಲಕ ಗಾಡಿ ತೊಳೆಯಲು ಹೊರಗೆ ತೆಗೆದಿದ್ದೆವು ಎಂದ. ಆಮೇಲೆ ಇವನು ಚಾಲಕನ ಬಾಗಿಲು ತೆಗೆದು ನನ್ನನ್ನು ಕರೆದು ಕೆಳಗೆ ತೋರಿಸಿದ. ಕ್ಲಚ್ಚಿನ ಪೆಡಲಿನ ರಬ್ಬರು ಸವೆದು ಸವೆದು ಹಳೆಯ ಚಪ್ಪಲಿಯ ಹಿಮ್ಮಡಿಯಂತೆ ನುಣ್ಣಗಾಗಿತ್ತು. ಸ್ಟೀರಿಂಗಿನ ತೊಗಲು ಹೊಳೆಯುತ್ತಿತ್ತು, ಸೀಟಿನ ಒಂದು ಅಂಚು ಕುಸಿದಿತ್ತು. ಮೀಟರಿನಲ್ಲಿ ಮಾತ್ರ ಗಾಡಿ ಇನ್ನೂ ಎಳೆಯದು.

"ಮೀಟರ್ ಹಿಂದಕ್ಕ ತಿರಿವ್ಯಾರ, ವೈನಿ" ಎಂದ. "ಈ ಗಾಡಿ ಬಾಡಿಗಿಗೆ ಓಡೇತಿ."

ಮಾಲಕನ ಜೊತೆ ಜಗಳವಾಡಲಿಲ್ಲ. ನಮಸ್ಕಾರ ಹೇಳಿ ಹೊರಬಿದ್ದ. ಇಂಥದ್ದಕ್ಕೆಲ್ಲ ಸಿಟ್ಟಾದರೆ ಸಂಜೆಗೆ ಮನುಷ್ಯ ಉಳಿಯುವುದಿಲ್ಲ ಎಂದು ದಾರಿಯಲ್ಲಿ ಹೇಳಿದ. ಟೈರಿನ ಬದಿಗೆ ಅದು ತಯಾರಾದ ವಾರ, ವರ್ಷ ಬರೆದಿರುತ್ತದೆಂದೂ, ಎಂಜಿನ್ ತಣ್ಣಗಿರುವಾಗಲೇ ಮೊದಲ ಸಲ ಚಾಲೂ ಮಾಡಿಸಿ ಹೊಗೆ ನೋಡಬೇಕೆಂದೂ, ಮಾರುವವರು ಫೋನಿನಲ್ಲಿ ಹೇಳಿದ್ದನ್ನು ಬರೆದಿಟ್ಟುಕೊಳ್ಳಬೇಕೆಂದೂ ನನಗೆ ಕಲಿಸಿದ. ಪಾಠ ಕೇಳುತ್ತ ನಾನು ಬಸ್ಸಿನ ಕಿಟಕಿಗೆ ತಲೆ ಇಟ್ಟು ನಿದ್ದೆ ಹೋದೆ.

ಎರಡನೆಯದು ಮನೆಯವರೇ ಮಾರುತ್ತಿದ್ದ ಗಾಡಿ. ಊರೊಳಗೆ, ನಾಲೆಯ ಪಕ್ಕದ ತಗ್ಗಿನ ಓಣಿಯಲ್ಲಿ ಮನೆ. ಮಾರುವವನು ಯಾವುದೋ ಶಾಲೆಯ ಕ್ಲರ್ಕು, ನನಗಿಂತ ನಾಲ್ಕಾರು ವರ್ಷ ಸಣ್ಣವನು. ಗಾಡಿ ನೀಟಾಗಿತ್ತು. ಬಾಗಿಲು ತೆಗೆದರೆ ಅತ್ತರಿನ ವಾಸನೆ ಗಂಟಲು ಹಿಡಿಯುವಷ್ಟು ಬಂತು. ನಮ್ಮ ಮೆಕ್ಯಾನಿಕ ಮೂಸುತ್ತ ನಿಂತ. ಆಮೇಲೆ ಸೀಟಿನ ಬೆಲ್ಟನ್ನು ಎಳೆಯತೊಡಗಿದ. ಯಾರೂ ಅಷ್ಟು ಎಳೆಯುವುದಿಲ್ಲ. ಅದು ಮುಗಿಯುವವರೆಗೂ ಎಳೆದ. ಕೊನೆಯ ಗೇಣಿನಲ್ಲಿ, ಸದಾ ಸುರುಳಿಯೊಳಗೇ ಇರುವ ಭಾಗದಲ್ಲಿ, ಕಂದು ಬಣ್ಣದ ಒಂದು ನೇರ ಗೆರೆ ಇತ್ತು. ಹಿಂದೆ ಸ್ಟೆಪ್ನಿ ತೆಗೆಸಿದ. ಕೆಳಗಿನ ಕುಳಿಯ ಮೂಲೆಯಲ್ಲಿ ಬೆರಳಾಡಿಸಿ ನನಗೆ ತೋರಿಸಿದ. ನುಣ್ಣನೆಯ ಕೆಸರು, ಒಣಗಿ ಪುಡಿಯಾದದ್ದು.

ಕ್ಲರ್ಕು ಅದನ್ನು ನೋಡುತ್ತ ನಿಂತಿದ್ದ. ಸುಳ್ಳು ಹೇಳುವುದು ಅವನಿಗೆ ಅಭ್ಯಾಸವಿರಲಿಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಖರೇ ಐತ್ರಿ" ಎಂದ. "ದೊಡ್ಡ ಮಳ್ಯಾಗ ಸೀಟಿನ ಮ್ಯಾಲ ಬಂದಿತ್ತು ನೀರು. ಮನ್ಯಾಗ ಎದಿಮಟ."

ಒಳಗೆ ಕರೆದ. ಹೊಸದಾಗಿ ಹಚ್ಚಿದ ಬಣ್ಣದ ಕೆಳಗೆ ಗೋಡೆ ಉಬ್ಬಿ, ಎದೆಯ ಮಟ್ಟದಲ್ಲಿ ಉದ್ದಕ್ಕೆ ಒಂದು ಗೆರೆ ಮತ್ತೆ ಎದ್ದುಬರುತ್ತಿತ್ತು. ಅವನ ಹೆಂಡತಿ ಚಹಾ ತಂದಳು. ಗಾಡಿ ಬೇಡವೆಂದು ಹೇಳಿ ಎದ್ದು ಹೋಗುವುದು ನನ್ನಿಂದಾಗಲಿಲ್ಲ. ಕುಳಿತು ಚಹಾ ಕುಡಿದೆವು. ಯಾವ ಕಾಲೇಜು, ಎಷ್ಟು ವರ್ಷವಾಯಿತು ಎಂದೆಲ್ಲ ಅವಳು ಕೇಳಿದಳು. ಗಾಡಿಯ ಮಾತು ಯಾರೂ ಎತ್ತಲಿಲ್ಲ. ಹೊರಡುವಾಗ ಕ್ಲರ್ಕು ಗೇಟಿನವರೆಗೆ ಬಂದು, ಮೊದಲೇ ಹೇಳಬೇಕಿತ್ತು ಎಂದ. ನೀರು ಹೊಕ್ಕ ಗಾಡಿ ವರ್ಷ ಎರಡು ವರ್ಷ ಚೆನ್ನಾಗಿ ಓಡುತ್ತದೆ, ಒಳಗೆ ವೈರುಗಳು ಒಂದೊಂದಾಗಿ ಕೊಳೆಯುತ್ತಿರುತ್ತವೆ, ಯಾವತ್ತೋ ನಡುರಸ್ತೆಯಲ್ಲಿ ದೀಪವೂ ಇಲ್ಲದೆ ನಿಲ್ಲುತ್ತದೆ ಎಂದು ನಮ್ಮವನು ಆಮೇಲೆ ಹೇಳಿದ. "ನಿಮ್ಮ ಬಾಜೂಕ ಅಣ್ಣ ಕುಂತಿರ್ತಾರ. ಆವಾಗ ಏನ ಮಾಡ್ತೀರಿ?" ಎಂದು ಕೇಳಿದ. ಅವನು ಹೇಳಿದ್ದು ಸರಿ. ಆದರೆ ನನ್ನ ಕಣ್ಣಲ್ಲಿ ಆ ಗೋಡೆಯೇ ಇತ್ತು.

ಮೂರನೆಯದರ ಹೊತ್ತಿಗೆ ನನಗೇ ಕಣ್ಣು ಬಂದಿತ್ತು. ಬಾನೆಟ್ಟಿನ ಬೋಲ್ಟುಗಳ ಮೇಲಿನ ಬಣ್ಣ ಒಡೆದಿತ್ತು, ಪಾನಾ, ಅಂದರೆ ಸ್ಪ್ಯಾನರ್, ಹಾಕಿ ಬಿಚ್ಚಿದ ಗುರುತು. ಮುಂದಿನ ಒಂದು ದೀಪ ಹಳದಿಗಟ್ಟಿತ್ತು, ಇನ್ನೊಂದು ಹೊಸದಾಗಿತ್ತು. ಎಲ್ಲಿಗೋ ಬಲವಾಗಿ ಹೊಡೆಸಿ ಮುಖ ಬದಲಿಸಿದ್ದರು. ನಾನೇ ಕಂಡುಹಿಡಿದೆನೆಂಬ ಖುಷಿ ಆಗಬೇಕಿತ್ತು. ಒಂದು ರಜೆ ಹೋಯಿತಲ್ಲ ಎಂದಷ್ಟೇ ಅನಿಸಿತು. ಇವಲ್ಲದೆ ಫೋನಿನಲ್ಲೇ ಬಿಟ್ಟವು ಎಷ್ಟೋ. ಒಂದಕ್ಕೆ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಕಾಗದದಿಂದ ಇಳಿದಿರಲಿಲ್ಲ. ಮಹಾರಾಷ್ಟ್ರದ ನಂಬರಿನ ಇನ್ನೊಂದಕ್ಕೆ ಆ ಕಡೆಯ ಆರ್‌ಟಿಓದ ಒಪ್ಪಿಗೆಯೇ ಇರಲಿಲ್ಲ. ಬಸ್ಸಿನ ಕಿಟಕಿಯಿಂದ ನಿಂತ ಗಾಡಿಗಳನ್ನು ನೋಡಿದರೆ ಬೋಲ್ಟು, ಬಾಗಿಲ ಸಂದು, ಟೈರು ಇವೇ ಕಾಣುತ್ತಿದ್ದವು. ದೇಸೂರು ದಾಟುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಪ್ರತಿ ಸಲ ಮನೆಗೆ ಬಂದಾಗ ಇವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಹುಬ್ಬೇರಿಸಿ ನನ್ನನ್ನು ನೋಡುತ್ತಿದ್ದರು. "ಆಗ್ಲಿಲ್ರಿ" ಎಂದು ನಾನು ಚೀಲ ಇಟ್ಟು ಅಡಿಗೆಮನೆಗೆ ಹೋಗುತ್ತಿದ್ದೆ. ಹಿಂದಿನಿಂದ ಆತು ಎನ್ನುವುದು ಕೇಳುತ್ತಿತ್ತು. ನನ್ನನ್ನು ಸಮಾಧಾನ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಏನಾಯಿತು, ಯಾಕೆ ಬೇಡವಾಯಿತು ಎಂದು ಅವರು ಕೇಳುತ್ತಿದ್ದಿರಬಹುದು ಎಂದು ಆಗ ಹೊಳೆಯಲಿಲ್ಲ. ಹೇಳಿದರೆ ಅರ್ಧ ಗಂಟೆ, ಅಷ್ಟರಲ್ಲಿ ರೊಟ್ಟಿ ಆಗುತ್ತಿತ್ತು.

ನಾಲ್ಕನೆಯ ಗಾಡಿಯ ಸುದ್ದಿ ಬಂದದ್ದು ಕಾಲೇಜಿನಲ್ಲಿ. ಖಾನಾಪುರದಲ್ಲಿ ಇಟ್ಟಿಗೆ ಭಟ್ಟಿ ಇಟ್ಟುಕೊಂಡ ಒಬ್ಬ ಹಿರಿಯ ಜೈನರು, ಕಣ್ಣಿಗೆ ಪೊರೆ ಬಂದು ಗಾಡಿ ನಡೆಸುವುದನ್ನು ಬಿಟ್ಟಿದ್ದರು. ಅವರ ಮಗಳು ಹಿಂದೆ ನನ್ನ ವಿದ್ಯಾರ್ಥಿನಿಯಾಗಿದ್ದಳು. ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ, ಎಂಜಿನ್ ಮುಟ್ಟದೆ ಇಟ್ಟಿರುತ್ತೇನೆ ಎಂದು ಅವರೇ ಹೇಳಿದರು. ಆದರೆ ಆ ಶನಿವಾರ ನಮ್ಮ ಮನೆಯ ಬಾಯಿಗೆ ತಂಗಿಯ ಮಗಳ ಮದುವೆ. ಇವರನ್ನು ಒಬ್ಬರೇ ಬಿಡುವಂತಿರಲಿಲ್ಲ. ಬೇರೆ ಉಪಾಯ ಕಾಣದೆ, ನಾನೂ ಮೆಕ್ಯಾನಿಕನೂ ಸೇರಿ ಇವರನ್ನು ಆ ತಗ್ಗಿನ ಹಳೆಯ ಕಾರಿನಲ್ಲಿ ಇಳಿಸಿ ಕರೆದುಕೊಂಡು ಹೋದೆವು. ಮಳೆ ಹಿಂದೆ ಸರಿಯುತ್ತಿದ್ದ ದಿನಗಳು. ಇವರು ಉದ್ದಕ್ಕೂ ಹೊರಗೆ ನೋಡುತ್ತ ಕುಳಿತಿದ್ದರು. ಲಕ್ವಾ ಹೊಡೆದ ಮೇಲೆ ಊರು ಬಿಟ್ಟು ಹೊರಗೆ ಬಂದದ್ದು ಅದೇ ಮೊದಲು.

ಭಟ್ಟಿ ಮಳೆಗಾಲಕ್ಕೆ ಆರಿತ್ತು. ಉಳಿದ ಇಟ್ಟಿಗೆಯ ಒಟ್ಟಲಿನ ಮೇಲೆ ತಾಡಪತ್ರಿ ಹೊದಿಸಿದ್ದರು. ಭಟ್ಟಿಯ ಯಜಮಾನರು ಬಿಳಿ ಟೊಪ್ಪಿಗೆ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. "ಬರ್ರಿ ಅಕ್ಕಾರ, ಸಾಹೇಬ್ರನ್ನ ಇಲ್ಲಿ ಕುಂದರಸ್ರಿ" ಎಂದು ಇವರಿಗೆ ಕುರ್ಚಿ ಹಾಕಿಸಿದರು. ಕೇಳುವ ಮೊದಲೇ ಗಾಡಿಯ ಕುಂದುಗಳನ್ನು ತಾವೇ ಹೇಳಿದರು. ಎಸಿ ಬೇಗ ತಂಪಾಗುವುದಿಲ್ಲ. ಹಿಂದಿನ ಬಲಬಾಗಿಲಿನ ಗಾಜನ್ನು ಕೈಯಿಂದ ಎತ್ತಿಕೊಡಬೇಕು. ಮುಂದಿನ ಎಡಬದಿಯ ಗಾಲಿಗೆ ವಾರಕ್ಕೊಮ್ಮೆ ಗಾಳಿ ಹಾಕಿಸಬೇಕಾಗುತ್ತದೆ, ವಾಲ್ವ್ ಹೋಗಿರಬೇಕು. ಸರ್ವಿಸ್ ಮಾಡಿಸಿದ ಕಾಗದಗಳೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದವು.

ಮೆಕ್ಯಾನಿಕ ಎರಡು ತಾಸು ನೋಡಿದ. ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಎದ್ದಿತು, ಹೊಗೆ ಬರಲಿಲ್ಲ. ಎಣ್ಣೆಯ ಮುಚ್ಚಳ ತೆಗೆದು ಮೂಸಿದ, ಕೂಲಂಟಿನಲ್ಲಿ ಜಿಡ್ಡು ತೇಲುತ್ತಿದೆಯೇ ನೋಡಿದ, ಗೋಣಿ ಹಾಸಿಕೊಂಡು ಕೆಳಗೆ ಮಲಗಿ ಬ್ಯಾಟರಿ ಹಿಡಿದ. ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ಅಂಗಳದಲ್ಲಿ ಸುತ್ತು ಹೊಡೆದು, ಕಟಕಟ ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟ. ಬೆಲ್ಟು ಎಳೆದ, ಚಾಸಿಯ ನಂಬರನ್ನು ಕಾಗದದ ಜೊತೆ ಅಂಕಿ ಅಂಕಿ ಹೊಂದಿಸಿದ. ಕೊನೆಗೆ ಕೈ ಒರೆಸಿಕೊಳ್ಳುತ್ತ ಬಂದು, ತೆಗೆದುಕೊಳ್ಳಿ ವೈನಿ, ಇಂಥದ್ದು ಸಿಗುವುದಿಲ್ಲ ಎಂದ. ನನಗೆ ಹಗುರವಾಯಿತು. ಸಂತೋಷಕ್ಕಲ್ಲ. ಇನ್ನು ಹುಡುಕಬೇಕಾಗಿಲ್ಲ ಎಂಬುದಕ್ಕೆ.

ಉಳಿದದ್ದು ಇವರನ್ನು ಕೂರಿಸಿ ನೋಡುವುದು. ಎಬ್ಬಿಸಿ, ಎಡಗೈಗೆ ಕೋಲು ಕೊಟ್ಟು, ಮುಂದಿನ ಎಡಬಾಗಿಲ ಹತ್ತಿರ ಕರೆತಂದೆ. ಸೀಟು ಸೊಂಟಕ್ಕೆ ಸರಿಯಾಗಿತ್ತು. ಆದರೆ ಇವರು ಸೀಟು ನೋಡಲಿಲ್ಲ, ಗಾಲಿ ನೋಡಿದರು. ಕೋಲಿನ ತುದಿಯಿಂದ ಅದನ್ನು ತಟ್ಟಿದರು. ಮತ್ತೆ ತಟ್ಟಿದರು. ಕಾಲೆಳೆದುಕೊಂಡು ಹಿಂದಿನ ಗಾಲಿಗೆ ಹೋಗಿ ಅದನ್ನೂ ತಟ್ಟಿದರು. ತಿರುಗಿ ಬಂದು ನನ್ನ ಮುಖ ನೋಡಿ "ಆತು" ಎಂದರು.

ಒಪ್ಪಿಗೆ ಎಂದುಕೊಂಡೆ. ಬಾಗಿಲು ಪೂರ್ತಿ ತೆಗೆದು, ಹೌದು, ಆಯಿತು, ಕುಳಿತುಕೊಳ್ಳಿ ಎಂದು ಸೊಂಟಕ್ಕೆ ಕೈ ಹಾಕಿದೆ. ನನ್ನ ಕೈ ನೂಕಿದರು. "ಆತು, ಆತು" ಎನ್ನುತ್ತ ಮತ್ತೆ ಗಾಲಿಗೆ ಹೊಡೆದರು. ಯಜಮಾನರು ದೂರದಲ್ಲಿ ನಿಂತು, ಬೇರೆ ಕಡೆ ನೋಡುವವರಂತೆ ಮುಖ ತಿರುಗಿಸಿಕೊಂಡರು. ಅವರ ಆ ಸೌಜನ್ಯ ನನಗೆ ತಡೆಯಲಾಗಲಿಲ್ಲ.

"ಸಾಕ್ರಿ ಇನ್ನ" ಎಂದೆ. "ನಾಕ ತಿಂಗಳಾತು ನಾ ಒಬ್ಬಾಕಿನ ತಿರಗಾಕತ್ತು. ಒಂದ ಸಲ ನಾ ಹೇಳಿದ್ದ ಕೇಳ್ರಿ. ಸುಮ್ನ ಕುಂದರ್ರಿ."

ಇವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಕೆಲಸದ ನಡುವೆ ಯಾರೋ ಅಡ್ಡ ಬಂದರೆ ನೋಡುವಂತೆ ನೋಡಿದರು, ಅಷ್ಟೆ. ಆಮೇಲೆ ಕೋಲನ್ನು ಗಾಡಿಗೆ ಒರಗಿಸಿ, ತಾವೂ ಒರಗಿ, ಎಡಗೈಯನ್ನು ಮೆಕ್ಯಾನಿಕನ ಕಡೆ ಚಾಚಿ ಬೆರಳು ಮಡಚಿದರು, ಏನನ್ನೋ ಹಿಡಿಯುವಂತೆ.

"ತಡೀರಿ ವೈನಿ" ಎಂದು ಅವನು ತನ್ನ ಚೀಲದಿಂದ ಒಂದು ಸಣ್ಣ ಪಾನಾ ತೆಗೆದು ಇವರ ಕೈಗಿಟ್ಟ.

ನಾನು ಹಿಂದಿನಿಂದ ಸೊಂಟ ಹಿಡಿದುಕೊಂಡೆ. ಇವರು ಬಗ್ಗಿ ಗಾಲಿಯ ಒಂದೊಂದು ತೋಳಿಗೂ ಮೆತ್ತಗೆ ಬಡಿದರು. ಅದು ಕಬ್ಬಿಣದ ಗಾಲಿಯಲ್ಲ, ಎರಕ ಹೊಯ್ದ ಅಲಾಯ್ ಗಾಲಿ. ಆಮೇಲೆ ಹಿಂದಿನದು. ಗಾಡಿಯನ್ನು ಸುತ್ತಿ ಆಚೆಯ ಎರಡು. ಹಸಿ ಅಂಗಳದ ಕೆಂಪು ಕೆಸರಿನಲ್ಲಿ ಬಲಗಾಲು ಗೀರಿಕೊಂಡು ಬರುತ್ತಿತ್ತು. ಒಂದು ಸುತ್ತು ಮುಗಿಸಿ ಮೊದಲಿನ ಗಾಲಿಗೆ ಬಂದು ಮತ್ತೆ ಬಡಿದು, ಮೆಕ್ಯಾನಿಕನನ್ನು ನೋಡಿದರು. ನನಗೆ ಎಲ್ಲವೂ ಒಂದೇ ಕೇಳಿಸಿತು. ಅವನಿಗೂ ಅನುಮಾನ. ಟೈರು ಮೇಲಿದೆ, ಗಾಡಿಯ ಭಾರವಿದೆ, ಇದರಲ್ಲಿ ಸ್ವರ ಎಲ್ಲಿಂದ ಬರುತ್ತದೆ ಅಣ್ಣ ಎಂದ. ಇವರು ಮತ್ತೆ ಹಿಂದಿನದಕ್ಕೆ ಒಮ್ಮೆ, ಮುಂದಿನದಕ್ಕೆ ಒಮ್ಮೆ ಬಡಿದರು. ಅವನು ಮಂಡಿಯೂರಿ ಕಿವಿ ಹತ್ತಿರ ತಂದ. ಈ ಸಲ ಕಣ್ಣು ಮುಚ್ಚಿಕೊಂಡು ಕೇಳಿದ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಜಾಕ್ ಎಲ್ಲಿದೆ ಎಂದು ಯಜಮಾನರನ್ನು ಕೇಳಿದ.

ಗಾಲಿ ಬಿಚ್ಚಿ, ಸ್ಟೆಪ್ನಿ ಹಾಕಿ, ಬಿಚ್ಚಿದ್ದನ್ನು ನಮ್ಮ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಖಾನಾಪುರ ಪೇಟೆಯ ಪಂಕ್ಚರ್ ಅಂಗಡಿಗೆ ಹೋದೆವು. ಯಜಮಾನರೂ ನಮ್ಮ ಜೊತೆ ಹಿಂದೆ ಕುಳಿತು ಬಂದರು. ಅಂಗಡಿಯವನು ಗಾಳಿ ತುಂಬಿ ಸಾಬೂನಿನ ನೀರು ಹಚ್ಚಿದ. ವಾಲ್ವಿನಲ್ಲಿ ಏನೂ ದೋಷವಿರಲಿಲ್ಲ. ಒಳಬದಿಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. ಟೈರು ಬಿಚ್ಚಿ ಬಟ್ಟೆಯಿಂದ ಒರೆಸಿದ. ಅಲ್ಲಿ ಒಂದು ಗೇಣುದ್ದ ವೆಲ್ಡಿಂಗ್ ಮಾಡಿ, ಉಜ್ಜಿ, ಬೆಳ್ಳಿಬಣ್ಣ ಹಚ್ಚಿದ ಗುರುತಿತ್ತು. ಅದರ ಪಕ್ಕದಲ್ಲೇ ಕೂದಲಿನಷ್ಟು ತೆಳ್ಳಗೆ ಹೊಸ ಬಿರುಕು. ಇನ್ನೊಂದು ದೊಡ್ಡ ತಗ್ಗಿಗೆ ಬಿದ್ದಿದ್ದರೆ ಗಾಲಿ ಎರಡು ಹೋಳಾಗುತ್ತಿತ್ತು ಎಂದ ಅಂಗಡಿಯವನು, ಏನೂ ವಿಶೇಷವಿಲ್ಲದವನಂತೆ. ಅದು ಇವರು ಕೂರುವ ಬದಿಯ ಗಾಲಿ.

ಯಜಮಾನರು ಅಲ್ಲಿದ್ದ ಹಳೆಯ ಟೈರುಗಳ ಒಟ್ಟಲಿನ ಮೇಲೆ ಕುಳಿತುಬಿಟ್ಟರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮೊನ್ನೆ ಮೊಮ್ಮಕ್ಕಳು ಬಂದಿದ್ರು" ಎಂದರು. "ಅಳಿಯ ಇದರಾಗ ಎಲ್ಲಾರನ್ನೂ ಗೋವಾಕ ಕರ್ಕೊಂಡ ಹೋಗಿ ಬಂದಾನ್ರಿ ಅಕ್ಕಾರ."

ಹಿಂದೆ ತಮ್ಮಲ್ಲಿದ್ದ ಡ್ರೈವರಿಗೆ ಅಲ್ಲಿಂದಲೇ ಫೋನು ಮಾಡಿದರು. ಅವನು ಮೊದಲು ನೆನಪಿಲ್ಲ ಎಂದ. ಆಮೇಲೆ ಒಪ್ಪಿಕೊಂಡ. ಲೋಂಡಾ ದಾರಿಯಲ್ಲಿ ಒಮ್ಮೆ ತಗ್ಗಿಗೆ ಹೊಡೆಸಿದ್ದ, ಬೈಯುತ್ತಾರೆಂದು ಹೆದರಿ ಎಲ್ಲೋ ವೆಲ್ಡಿಂಗ್ ಮಾಡಿಸಿ ತಂದಿದ್ದ. ಯಜಮಾನರು ಬೈಯಲಿಲ್ಲ. "ಹೇಳಬೇಕಿತ್ತೋ ತಮ್ಮಾ" ಎಂದು ಫೋನು ಇಟ್ಟರು.

ಹೊತ್ತು ಇಳಿಯುತ್ತಿತ್ತು. ಯಜಮಾನರ ಮನೆಯಿಂದ ಎರಡು ಸಲ ಫೋನು ಬಂತು, ಜೈನರ ನೇಮದಂತೆ ಸೂರ್ಯ ಮುಳುಗುವ ಮೊದಲು ಅವರ ಊಟವಾಗಬೇಕು. ನನಗಾಗಿ ನಿಲ್ಲಬೇಡಿ, ಹೋಗಿ ಊಟ ಮಾಡಿ ಬನ್ನಿ ಎಂದೆ. ನೀವು ಉಣ್ಣಿರಿ ಎಂದು ಮನೆಯವರಿಗೆ ಹೇಳಿ ಅವರು ಅಲ್ಲೇ ಕುಳಿತರು. "ಒಂದಿನ ಉಪಾಸ ಇದ್ರ ಏನೂ ಆಗೂದಿಲ್ರಿ" ಎಂದರು. ಅದೇ ಅಳತೆಯ ಹೊಸ ಗಾಲಿ ಎಲ್ಲಿ ಸಿಗುತ್ತದೆಂದು ಬೆಳಗಾವಿಯ ಅಂಗಡಿಗಳಿಗೆ ಮಾತಾಡಿ, ಅದನ್ನು ಹಾಕಿಸಿ, ಉಳಿದ ಮೂರನ್ನೂ ಬಿಚ್ಚಿ ತೋರಿಸಿಯೇ ಗಾಡಿ ಕೊಡುತ್ತೇನೆಂದು ನಮ್ಮನ್ನು ಒಪ್ಪಿಸಿದ ಮೇಲೆಯೇ ಎದ್ದರು. ಅಷ್ಟರಲ್ಲಿ ಅಂಗಡಿಗಳ ದೀಪ ಹತ್ತಿದ್ದವು. ಪಂಕ್ಚರ್ ಅಂಗಡಿಯವನು ಎಲ್ಲರಿಗೂ ಚಹಾ ತರಿಸಿದ. ಯಜಮಾನರು ನೀರನ್ನೂ ಮುಟ್ಟಲಿಲ್ಲ. ಚಹಾದ ಕಪ್ಪನ್ನು ಇವರ ಎಡಗೈಗೆ ತಾವೇ ತಂದು ಕೊಟ್ಟು, ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿದ್ದರು.

ಮೆಕ್ಯಾನಿಕನ ಮುಖ ಸಣ್ಣದಾಗಿತ್ತು. ಎರಡು ತಾಸು ನೋಡಿಯೂ ತನಗೆ ಕಾಣಲಿಲ್ಲವಲ್ಲ ಎಂದು. ಅವನು ಇವರ ಹೆಗಲ ಮೇಲೆ ಕೈ ಇಟ್ಟು ಮರಾಠಿಯಲ್ಲಿ ಏನೋ ಅಂದ. ಇವರು "ಆತು" ಎಂದರು.

ತಿರುಗಿ ಬರುವಾಗ ಅವನು ಹಿಂದೆ ನಿದ್ದೆ ಹೋಗಿದ್ದ. ಇವರ ಪಂಚೆಯ ಅಂಚು, ಬಲಗಾಲಿನ ಬೆರಳುಗಳು ಕೆಂಪು ಕೆಸರಿನಲ್ಲಿ ಮುಳುಗಿ ಒಣಗಿದ್ದವು. ನಾನು ಬೈದದ್ದು ತಪ್ಪಾಯಿತು ಎಂದೆ. ಇವರು ರಸ್ತೆ ನೋಡುತ್ತ ಆತು ಎಂದರು. ಯಾವ ಆತು ಎಂದು ನನಗೆ ತಿಳಿಯಲಿಲ್ಲ. ಕೇಳಿ ತಿಳಿದುಕೊಳ್ಳುವ ಶಕ್ತಿಯೂ ಇರಲಿಲ್ಲ. ಮೂವತ್ತು ವರ್ಷ ಕಣ್ಣಿಗೆ ಕಾಣದ ಬಿರುಕುಗಳನ್ನೇ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ ಹುಡುಕಿದ ಮನುಷ್ಯನನ್ನು ಮನೆಯ ಕಿಟಕಿಯ ಪಕ್ಕ ಕೂರಿಸಿ, ನಾಲ್ಕು ತಿಂಗಳು ಊರೆಲ್ಲ ಅಲೆದಿದ್ದೆ. ಒಂದು ದಿನವೂ ಜೊತೆಗೆ ಬನ್ನಿ ಎಂದಿರಲಿಲ್ಲ. ಕರೆದುಕೊಂಡು ಹೋಗುವುದು ಕಷ್ಟವಿತ್ತು, ಅದು ನಿಜ. ಆದರೆ ಕೇಳದೆ ಇದ್ದದ್ದಕ್ಕೆ ಅದೊಂದೇ ಕಾರಣವಾಗಿರಲಿಲ್ಲ. ಅವರನ್ನು ನೋಡಿಕೊಳ್ಳುವುದರಲ್ಲಿ, ಅವರಿಗೆ ಏನಾದರೂ ಗೊತ್ತಿದೆ ಎಂಬುದೇ ನನಗೆ ಮರೆತುಹೋಗಿತ್ತು.

ಎರಡು ವಾರದ ಮೇಲೆ ಗಾಡಿ ಮನೆಗೆ ಬಂತು. ಹೆಸರು ಬದಲಿಸುವ ಕಾಗದ, ವಿಮೆ, ಮೂರು ಸಲ ಆರ್‌ಟಿಓ. ಈಗ ಇವರು ತಾವಾಗಿ ಸೀಟಿಗೆ ಬೆನ್ನು ಕೊಟ್ಟು, ಕುಳಿತು, ಸರಿಯುತ್ತಾರೆ. ಬಲಗಾಲನ್ನು ಇನ್ನೂ ನಾನೇ ಎತ್ತಿಡಬೇಕು. ಸಂಜೆ ರೊಟ್ಟಿ ಮಾಡುವಾಗ ಕುರ್ಚಿಯನ್ನು ಅಡಿಗೆಮನೆಯ ಬಾಗಿಲಿಗೆ ತಂದಿಟ್ಟು, ದಿನದ ಸುದ್ದಿ ಹೇಳುತ್ತೇನೆ. ಎಲ್ಲ ದಿನವೂ ಅಲ್ಲ. ಕೆಲವು ದಿನ ಯಾರ ಜೊತೆಯೂ ಮಾತು ಬೇಡವೆನಿಸುತ್ತದೆ. ಅಂಥ ದಿನ ಸುಮ್ಮನೆ ರೊಟ್ಟಿ ಬಡಿಯುತ್ತೇನೆ, ಅವರು ಸುಮ್ಮನೆ ಕುಳಿತಿರುತ್ತಾರೆ.

ಕಳೆದ ತಿಂಗಳು ಬಾಯಿ ಮತ್ತೆ ರಜೆ ಹಾಕಿದಳು. ಶನಿವಾರವಾದ್ದರಿಂದ ನನಗೆ ಎರಡೇ ಪಾಠಗಳಿದ್ದವು. ಇವರನ್ನು ಕಾಲೇಜಿಗೇ ಕರೆದುಕೊಂಡು ಹೋದೆ. ಅಂಗಳದ ಮರದ ನೆರಳಿಗೆ ಗಾಡಿ ನಿಲ್ಲಿಸಿ, ಕಿಟಕಿ ಅರ್ಧ ಇಳಿಸಿ, ನೀರಿನ ಬಾಟಲಿ ಕೈಗೆ ಸಿಗುವಂತಿಟ್ಟು ಕ್ಲಾಸಿಗೆ ಹೋದೆ. ನಡುವೆ ಹೊರಗೆ ನೋಡಿದಾಗ ಯಾರೋ ಇಬ್ಬರು ಹುಡುಗಿಯರು ಕಿಟಕಿಯ ಹತ್ತಿರ ನಿಂತು ಇವರ ಜೊತೆ ಏನೋ ಮಾತಾಡುತ್ತಿದ್ದರು. ಪಾಠ ಮುಗಿಸಿ ಬರುವ ಹೊತ್ತಿಗೆ ಆ ಹುಡುಗಿಯರು ಹೋಗಿದ್ದರು. ಇವರು ಬೆಲ್ಟು ಹಾಕಿಕೊಂಡೇ ತಲೆ ವಾಲಿಸಿ ಮಲಗಿದ್ದರು. ನಾನು ಸದ್ದಾಗದಂತೆ ಬಾಗಿಲು ತೆಗೆದು ನನ್ನ ಸೀಟಿನಲ್ಲಿ ಕುಳಿತೆ. ಎಬ್ಬಿಸಬಾರದೆಂದು ಗಾಡಿ ಚಾಲೂ ಮಾಡಲಿಲ್ಲ. ಎರಡು ನಿಮಿಷ ಎಂದುಕೊಂಡಿದ್ದೆ. ಗಾಜಿನ ಮೇಲೆ ಯಾರೋ ಬೆರಳಿನಿಂದ ತಟ್ಟಿದಾಗ ಕಣ್ಣು ಬಿಟ್ಟರೆ ಅಂಗಳ ಪೂರ್ತಿ ಖಾಲಿಯಾಗಿತ್ತು. ಕಾಲೇಜಿನ ಸಿಪಾಯಿ ಬೀಗದ ಕೈಗೊಂಚಲು ಹಿಡಿದು ನಿಂತಿದ್ದ.

"ಗೇಟ್ ಹಾಕೂ ಟೈಮ್ ಆಗೇತ್ರಿ ಅಕ್ಕಾರ" ಎಂದ. ಆಮೇಲೆ ಒಳಗೆ ಬಗ್ಗಿ ನೋಡಿ ದನಿ ತಗ್ಗಿಸಿದ. "ಇರ್ಲಿ, ಮಕ್ಕೊಳ್ರಿ. ಮ್ಯಾಲಿನ ಕ್ಲಾಸಿನ ಖೋಲಿ ಕಿಡಕಿ ಹಾಕಿ ಬರ್ತೀನಿ."